ದೊಡ್ಡಕ್ಕನ ಟಿಕ್ ಮಾರ್ಕಿನ ಕೆಳಗೆ ನಮ್ಮ ಸಹಿ

ಮಾನ್ಯ ಆರೋಗ್ಯ ನಿರ್ದೇಶಕರೇ,

ನನಗೆ ಭಯವಾಗುತ್ತಿದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಚೇರಿಗೆ ಬರುವ ಪತ್ರಗಳ ಎರಡನೆಯ ಸಾಲನ್ನು ಯಾರೂ ಓದುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ಇದು ರೋಗದ ಭಯವಲ್ಲ. ಆ ಭಯ ಮೊದಲ ಮೂರು ತಿಂಗಳಲ್ಲೇ ಹಳೆಯದಾಯಿತು. ನನಗೀಗ ನನ್ನ ಬಲಗೈಯನ್ನು ಕಂಡರೆ ಭಯ. ಹನ್ನೊಂದು ವರ್ಷಗಳಿಂದ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿ ದುಡಿಯುತ್ತಿದ್ದೇನೆ. ಈಗ ಆ ಕೈ ನನ್ನ ಮಾತು ಕೇಳುತ್ತಿಲ್ಲ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅದೇ ಕೈ ಇಟ್ಟುಕೊಂಡು ಎಂಟು ರೋಗಿಗಳ ನಡುವೆ ನಾನು ನಿಲ್ಲಬೇಕು.

ಕಳೆದ ವಾರ ನಿಮ್ಮ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಈ ಸಾಂಕ್ರಾಮಿಕದ ಕಾಲದಲ್ಲೂ ಆರೋಗ್ಯ ಸಿಬ್ಬಂದಿ ನೂರಕ್ಕೆ ನೂರರಷ್ಟು ಮಾನಸಿಕವಾಗಿ ಸದೃಢರಾಗಿದ್ದಾರಂತೆ. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದ್ದ ಅದನ್ನು ಓದುವಾಗ ಪಕ್ಕದಲ್ಲಿ ಒಬ್ಬಳು ಶೂ ಹಾಕಿಕೊಳ್ಳಲಾಗದೆ ಅಳುತ್ತಾ ಕೂತಿದ್ದಳು. ನೂರಕ್ಕೆ ನೂರು! ಶಾಲೆಯಲ್ಲಿ ಯಾರಾದರೂ ಇಷ್ಟು ಅಂಕ ತೆಗೆದರೆ ಮೇಷ್ಟ್ರು ಮೊದಲು ಕಾಪಿ ಹೊಡೆದಿದ್ದಾರಾ ಎಂದು ನೋಡುತ್ತಿದ್ದರು. ನಿಮಗೆ ಆ ಅನುಮಾನವೂ ಬರಲಿಲ್ಲವೇ?

ಬಂದಿಲ್ಲವಾದರೆ ನಾನೇ ಹೇಳುತ್ತೇನೆ. ನಾವು ಕಾಪಿಯನ್ನೇ ಹೊಡೆದಿದ್ದೇವೆ. ದಿನವೂ ಕೆಲಸಕ್ಕೆ ಮುನ್ನ ತುಂಬಬೇಕೆಂದು ನೀವು ಕಳುಹಿಸಿದ ಘೋಷಣಾ ಪತ್ರದಲ್ಲಿ ನಾಲ್ಕನೆಯ ಪ್ರಶ್ನೆ: 'ತಾವು ಕರ್ತವ್ಯಕ್ಕೆ ಮಾನಸಿಕವಾಗಿ ಸಮರ್ಥರಿದ್ದೀರಾ? ಹೌದು / ಇಲ್ಲ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಇಲ್ಲ ಎಂದಾದಲ್ಲಿ ಸೂಕ್ತ ಕ್ರಮಕ್ಕಾಗಿ ನೋಂದಣಿ ಮಂಡಳಿಗೆ ವರದಿ ಮಾಡಲಾಗುವುದು.' ನೋಂದಣಿ ಹೋದರೆ ನರ್ಸ್ ಕೆಲಸವೇ ಹೋದಂತೆ. ಈ ಸಾಲು ಓದಿದ ಮೇಲೆ 'ಇಲ್ಲ' ಎನ್ನುವ ಎದೆಗಾರಿಕೆ ಯಾರಿಗಿದೆ? ರಕ್ಷಣಾ ಉಡುಪು ತೊಡಲು ಇಪ್ಪತ್ತು ನಿಮಿಷ ಬೇಕು, ಮೂರು ಪದರ ಗ್ಲೌಸ್ ಹಾಕಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಒಂದು ಮಂಗಳವಾರ ನಮ್ಮ ಮುಖ್ಯ ನರ್ಸ್, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವಾಕೆ, ಒಂದು ಹಾಳೆಯಲ್ಲಿ 'ಹೌದು' ಎಂಬಲ್ಲಿಗೆ ಟಿಕ್ ಹಾಕಿ ಗುಮಾಸ್ತನ ಕೈಗೆ ಕೊಟ್ಟಳು. "ಇದನ್ನೇ ಇನ್ನೂರು ಜೆರಾಕ್ಸ್ ತೆಗೆದಿಟ್ಬಿಡಿ. ಎಲ್ರೂ ಬರೆಯೋದು ಇಷ್ಟೇ ತಾನೆ" ಎಂದಳು. ನಾವೆಲ್ಲ ನಕ್ಕೆವು. ಆಮೇಲೆ ಬೇರೆ ವಾರ್ಡಿನವರೂ ಬಂದು ಪ್ರತಿ ಒಯ್ದರು. ಆ ಟಿಕ್ಕಿನ ಬಾಲ ಚೌಕದಿಂದ ಆಚೆ ಚಾಚಿದೆ. ನಿಮ್ಮ ಕಡತ ತೆರೆದು ನೋಡಿ, ನಮ್ಮ ಆಸ್ಪತ್ರೆಯ ಪ್ರತಿ ಹಾಳೆಯಲ್ಲೂ ಅದೇ ಬಾಲ. ನಾವು ಕೆಳಗೆ ಸಹಿ ಗೀಚುತ್ತೇವೆ, ಅಷ್ಟೇ.

ನಮ್ಮ ಘಟಕವನ್ನು ನೀವು ಗಾಜಿನಾಚೆಯಿಂದ ಒಮ್ಮೆ ನೋಡಿ ಕೈ ಬೀಸಿ ಹೋದಿರಿ. ಒಳಗಿನ ಸದ್ದು ಗಾಜಿನಾಚೆಗೆ ಕೇಳುವುದಿಲ್ಲ. ಒಂದೊಂದು ಹಾಸಿಗೆಗೆ ಮೂರು ಯಂತ್ರ, ಒಂದೊಂದು ಯಂತ್ರಕ್ಕೂ ಒಂದೊಂದು ಅಲಾರಂ. ಬೆರಳಿನ ಕ್ಲಿಪ್ ಜಾರಿದರೆ ಕೂಗುತ್ತದೆ, ರೋಗಿ ಕೆಮ್ಮಿದರೆ ಕೂಗುತ್ತದೆ, ಸುಮ್ಮನಿದ್ದರೂ ಕೂಗುತ್ತದೆ. ಹತ್ತರಲ್ಲಿ ಒಂಬತ್ತು ಸುಳ್ಳು. ಯಂತ್ರದ ಬಲ ಮೂಲೆಯ ಗುಂಡಿ ಒತ್ತಿದರೆ ಎರಡು ನಿಮಿಷ ಸದ್ದಡಗುತ್ತದೆ. ನಮಗೆ ಕಲಿಸಿದ್ದು ಮೊದಲು ರೋಗಿಯ ಮುಖ, ಆಮೇಲೆ ಅಂಕಿ, ಕೊನೆಗೆ ಗುಂಡಿ. ಆಗ ಒಬ್ಬೊಬ್ಬರಿಗೆ ಎರಡು ಹಾಸಿಗೆ ಇದ್ದವು. ಈಗ ಎಂಟು. ಕ್ರಮ ತಾನಾಗಿಯೇ ತಿರುಗಿಕೊಂಡಿತು. ಮೊದಲು ಹೆಬ್ಬೆರಳು, ಆಮೇಲೆ ಕಣ್ಣು. ಕೆಲವು ಸಲ ಕಣ್ಣು ಅತ್ತ ಹೋಗುವುದೇ ಇಲ್ಲ.

ಇದು ನನಗೆ ಗೊತ್ತಾದದ್ದು ಮನೆಯಲ್ಲಿ. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬಂದು ಸತ್ತವಳಂತೆ ಮಲಗಿದ್ದೆ. ಆರು ವರ್ಷದ ಮಗಳು ಆಡುವಾಗ ಮಂಡಿ ಒಡೆದುಕೊಂಡು ಬಂದು "ಅಮ್ಮಾ, ಅಮ್ಮಾ" ಎಂದು ಅಳುತ್ತಿದ್ದಳಂತೆ. ನಾನು ಕಣ್ಣು ಬಿಡದೆ ಕೈ ಚಾಚಿ, ಅವಳ ಹೆಗಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒಮ್ಮೆ ಒತ್ತಿ, ಮಗ್ಗುಲು ಬದಲಿಸಿ ಮಲಗಿದೆನಂತೆ. ಸಂಜೆ ಅತ್ತೆ, "ಮಗು ಅಷ್ಟು ಕರೀತಿದ್ರೂ ನಿಂಗೆ ಎಚ್ಚರ ಆಗ್ಲಿಲ್ವೇನೇ?" ಎಂದು ಕೇಳಿದರು. ಮಗಳೇ ಉತ್ತರ ಕೊಟ್ಟಳು: "ಎಚ್ಚರ ಆಯ್ತು ಅಜ್ಜಿ. ಅಮ್ಮ ನನ್ನ ಆಫ್ ಮಾಡಿದ್ಲು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತೆ.

ಮರುದಿನ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. 'ಮನಬಿಚ್ಚಿ ಮಾತಾಡಿ, ನಾವಿದ್ದೇವೆ' ಎಂದು ನಗುಮುಖದ ಚಿತ್ರ ಹಾಕಿ ಲಿಫ್ಟಿನೊಳಗೆ ಅಂಟಿಸಿದ್ದೀರಲ್ಲ, ಅದಕ್ಕೆ. ತುಂಬ ಮೃದುವಾದ ದನಿಯೊಂದು, "ನಿಮ್ಮ ನೋಂದಣಿ ಸಂಖ್ಯೆ ಹೇಳಿ ಮೇಡಂ" ಎಂದಿತು.

"ಅದ್ಯಾಕೆ?"

"ಅದು ಹಾಕ್ದೆ ಇದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಮೇಡಂ."

ಮನಸ್ಸು ಬಿಚ್ಚುವ ಮೊದಲೇ ಮಂಡಳಿಗೆ ವಿಳಾಸ ಕೊಡಬೇಕೇ? ಫೋನ್ ಇಟ್ಟುಬಿಟ್ಟೆ. ಅವತ್ತು ಆ ಹುಡುಗಿ 'ಏನಾಯ್ತು' ಎಂದು ಮೊದಲು ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಅದಾಗಿ ಹನ್ನೆರಡನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಹದಿಮೂರನೆಯ ಹಾಸಿಗೆಯ ರೋಗಿಯ ಬಾಯಿ ಶುಚಿ ಮಾಡುತ್ತಿದ್ದೆ. ಬೆನ್ನ ಹಿಂದೆ ಹನ್ನೆರಡನೆಯದು ಕೂಗಿತು. ತಿರುಗದೆಯೇ ಕೈ ಹಿಂದೆ ಚಾಚಿ ಗುಂಡಿ ಒತ್ತಿದೆ. ಒತ್ತಿದ್ದು ನನಗೆ ನೆನಪೂ ಇಲ್ಲ. ಆ ಹಾಸಿಗೆಯಲ್ಲಿ ಬಸ್ ಚಾಲಕರೊಬ್ಬರಿದ್ದರು. ಉಸಿರಾಟದ ಯಂತ್ರದ ಕೊಳವೆ ಕಳಚಿ ಅವರ ಎದೆಯ ಮೇಲೆ ಬಿದ್ದಿತ್ತು. "ಹನ್ನೆರಡು. ಹನ್ನೆರಡು ನೋಡೇ" ಎಂದು ಆ ತುದಿಯಿಂದ ಕೂಗುತ್ತಲೇ ದೊಡ್ಡಕ್ಕ ಓಡಿ ಬಂದು ಕೊಳವೆ ಸಿಕ್ಕಿಸಿದಳು. ಅಷ್ಟರಲ್ಲಿ ಅವರ ತುಟಿ ನೀಲಿಯಾಗಿತ್ತು. ಒಂದು ನಿಮಿಷ ಹತ್ತು ಸೆಕೆಂಡು. ಯಂತ್ರದಲ್ಲಿ ದಾಖಲಾಗಿದೆ, ಬೇಕಾದರೆ ತರಿಸಿಕೊಳ್ಳಿ.

ದೊಡ್ಡಕ್ಕ ನನ್ನನ್ನು ಕೈ ತೊಳೆಯುವ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋದಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದಳು. ನಲ್ಲಿ ತಿರುಗಿಸಿ, "ನನ್ನ ಕೈನೂ ಹೀಗೇ ಮಾಡಿದೆ ಕಣೇ. ಎರಡು ಸಲ" ಎಂದಳು. ಇಪ್ಪತ್ನಾಲ್ಕು ವರ್ಷ ಸೇವೆ ಮಾಡಿದವಳು, ನಮಗೆಲ್ಲ ಗುಂಡಿ ಒತ್ತುವ ಕ್ರಮ ಕಲಿಸಿದವಳು. ಅವತ್ತಿನಿಂದ ನನಗೆ ನಿದ್ದೆಯೆಂದರೆ ಹೆದರಿಕೆ, ಕಣ್ಣು ಮುಚ್ಚಿದಾಗ ಈ ಕೈ ಏನು ಮಾಡುತ್ತದೋ ಎಂದು.

ಒಂಬತ್ತು ದಿನಗಳ ನಂತರ ಅವಳು ಗ್ಲೌಸ್ ಇಡುವ ಸಣ್ಣ ಕೋಣೆಯಲ್ಲಿ ಡಬ್ಬಿಗಳ ನಡುವೆ ಕೂತಳು, ಏಳಲಿಲ್ಲ. ಮಡಿಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಗ್ಲೌಸ್ ಒಂದೊಂದಾಗಿ ತೆಗೆಯುವುದು, ಮತ್ತೆ ತುಂಬುವುದು. "ನನ್ನನ್ನ ಹಾಸಿಗೆ ಹತ್ರ ಬಿಡಬೇಡ್ರೇ" ಎಂದಳು. ಈ ಸಾಂಕ್ರಾಮಿಕದಲ್ಲಿ ನಿಮ್ಮ ಇಲಾಖೆಯ ಯಾರ ಬಾಯಿಂದಲೂ ಇಷ್ಟು ಜವಾಬ್ದಾರಿಯ ಮಾತು ಬಂದಿರಲಾರದು. ಮರುದಿನ ತನ್ನದೇ 'ಹೌದು' ಗುರುತನ್ನು ಹೊಡೆದುಹಾಕಿ, ಪೆನ್ನಿನಿಂದ 'ಇಲ್ಲ' ಎಂಬಲ್ಲಿಗೆ ಗುರುತು ಹಾಕಿ ಕೊಟ್ಟಳು. ನಾಲ್ಕೇ ದಿನಕ್ಕೆ ನಿಮ್ಮ ಪತ್ರ ಬಂತು. ಮಾಸ್ಕಿಗಾಗಿ ಬರೆದರೆ ಎರಡು ತಿಂಗಳು ತೆಗೆದುಕೊಳ್ಳುವ ಕಚೇರಿ ಇದಕ್ಕೆ ಎಷ್ಟು ಚುರುಕು ನೋಡಿ. ನೋಂದಣಿ ಅಮಾನತು, ವಿಚಾರಣೆ ಮುಗಿಯುವವರೆಗೆ ಸಹೋದ್ಯೋಗಿಗಳನ್ನು ಸಂಪರ್ಕಿಸತಕ್ಕದ್ದಲ್ಲ. ಹಾಗಾದರೆ ನೂರಕ್ಕೆ ನೂರು ಹೇಗೆ ಬಂತೆಂದು ವಿಚಾರಿಸಿದೆ. ವಿಚಾರಣೆಯಲ್ಲಿರುವವರನ್ನು ಸಿಬ್ಬಂದಿಯ ಪಟ್ಟಿಯಿಂದ ತೆಗೆದು ಶೇಕಡಾವಾರು ಮಾಡಿದ್ದೀರಂತೆ. ಭೇಷ್.

ನಿಮ್ಮ ಆಜ್ಞೆ ಮೀರಿ ಅವಳ ಮನೆಗೆ ಹೋಗಿದ್ದೆ. ಇದನ್ನೂ ಕಡತಕ್ಕೆ ಸೇರಿಸಿಕೊಳ್ಳಿ. ಅವಳ ಗಂಡ ಬಾಗಿಲಲ್ಲೇ ತಗ್ಗಿದ ದನಿಯಲ್ಲಿ ಹೇಳಿದರು: "ಮಾತಾಡಲ್ಲಮ್ಮ. ಗಡಿಯಾರದ ಬ್ಯಾಟರಿ ತೆಗೆದಿಟ್ಟಿದ್ದಾಳೆ, ಕಾಲಿಂಗ್ ಬೆಲ್ಲಿನ ತಂತಿ ಕಿತ್ತಿದ್ದಾಳೆ. ಫೋನ್ ಬಂದ್ರೆ ಮೂಲೆಗೆ ಹೋಗಿ ಕೂರ್ತಾಳೆ." ಒಳಗೆ ಅವಳ ಬೆನ್ನು ಕಾಣಿಸಿತು. ಕರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆಯೂ ನಾನು ಅವಳ ಜೆರಾಕ್ಸ್ ಟಿಕ್ಕಿನ ಕೆಳಗೇ ಸಹಿ ಮಾಡಿ ಒಳಗೆ ಹೋದೆ.

ಕಳೆದ ಗುರುವಾರ ಆ ಬಸ್ ಚಾಲಕರು ಕೋಲೂರಿಕೊಂಡು ವಾರ್ಡಿನ ಹೊರಬಾಗಿಲಿಗೆ ಬಂದರು. ನನ್ನ ದನಿಯಿಂದಲೇ ಗುರುತು ಹಿಡಿದು, ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಈ ಕೈ ಇಲ್ದೇ ಹೋಗಿದ್ರೆ ನಾನಿವತ್ತು ಇರ್ತಿರ್ಲಿಲ್ಲ ಸಿಸ್ಟರ್" ಎಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾತು ತಿರುಗಿಸಲು, ಕೆಲಸಕ್ಕೆ ಯಾವಾಗ ಹೋಗುತ್ತೀರಿ ಎಂದು ಕೇಳಿದೆ. "ಅವಸರ ಇಲ್ಲ. ನಮ್ಮ ಡಿಪೋದಲ್ಲಿ ಕಣ್ಣು ಎಳೀತಿದೆ ಅಂದ್ರೆ ಗಾಡಿ ಕೊಡಲ್ಲ, ಹೋಗಿ ಮಲ್ಕೋ ಅಂತಾರೆ. ಮಾರನೇ ದಿನ ಅದೇ ಗಾಡಿ ಕೊಡ್ತಾರೆ. ಯಾರೂ ಏನೂ ಬರ್ಕೊಳ್ಳಲ್ಲ" ಎಂದರು. ಚಾಲಕರೇ, ಈ ಬಹಿರಂಗ ಪತ್ರ ನಿಮ್ಮ ಕಣ್ಣಿಗೂ ಬಿದ್ದರೆ ಕ್ಷಮಿಸಿ. ನಿಮ್ಮನ್ನು ಉಳಿಸಿದ್ದು ಆ ಕೈಯಲ್ಲ. ಉಳಿಸಿದವಳು ಗಡಿಯಾರದ ಸದ್ದಿಗೂ ಬೆಚ್ಚುತ್ತಾ ಮನೆಯಲ್ಲಿ ಕೂತಿದ್ದಾಳೆ.

ನಿರ್ದೇಶಕರೇ, ಒಂದು ಬಸ್ ಡಿಪೋಗೆ ತಿಳಿದದ್ದು ನಿಮ್ಮ ಇಲಾಖೆಗೆ ತಿಳಿಯದೇ? ನಾನು ಕೇಳುವುದು ಇಷ್ಟೇ. ನಾಲ್ಕನೆಯ ಪ್ರಶ್ನೆಯ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ತೆಗೆದುಹಾಕಿ. 'ಇಲ್ಲ' ಎಂದವರನ್ನು ಮಂಡಳಿಗಲ್ಲ, ಮನೆಗೆ ಕಳುಹಿಸಿ. ಸಂಖ್ಯೆ ಕೇಳದೆ ಮಾತು ಕೇಳುವ ಒಬ್ಬರನ್ನು ಕೊಡಿ, ಸುಧಾರಿಸಿಕೊಂಡ ಮೇಲೆ ಅದೇ ವಾರ್ಡಿಗೆ ಕರೆಯಿರಿ. ಎಂಟು ಹಾಸಿಗೆಗೆ ಇನ್ನೊಂದು ಜೊತೆ ಕಣ್ಣು ಕಳುಹಿಸಿ. ದೊಡ್ಡಕ್ಕನ ನೋಂದಣಿಯನ್ನು ಹಿಂದಿರುಗಿಸಿ, ಪತ್ರದಲ್ಲಲ್ಲ, ಯಾರಾದರೂ ಹೋಗಿ ಬಾಗಿಲು ಮೆಲ್ಲಗೆ ತಟ್ಟಿ. ದಯವಿಟ್ಟು ಸಮಿತಿ ಮಾತ್ರ ರಚಿಸಬೇಡಿ.

ಗುಮಾಸ್ತರಿಂದ ಗುರುತಿಲ್ಲದ ಒಂದು ಹಾಳೆ ಕೇಳಿ ತಂದಿದ್ದೇನೆ. ನಾಳೆ ಗ್ಲೌಸ್ ಹಾಕುವ ಮೊದಲು ನನ್ನ ಕೈಯಾರೆ 'ಇಲ್ಲ' ಎಂಬಲ್ಲಿಗೆ ಗುರುತು ಹಾಕುತ್ತೇನೆ. ಹಾಕಿದರೆ ನನ್ನ ಎಂಟು ಹಾಸಿಗೆಗಳು ನಾಲ್ಕು ತಿಂಗಳ ಹಿಂದೆ ಸೇರಿದ ಹುಡುಗಿಯ ತಲೆಗೆ ಬೀಳುತ್ತವೆ, ಅವಳ ಪಾಲಿಗೆ ಹದಿನಾರು ಹಾಸಿಗೆಗಳಾಗುತ್ತವೆ. ಹಾಕದಿದ್ದರೆ ಹನ್ನೆರಡನೆಯ ಹಾಸಿಗೆಯಲ್ಲಿ ಈಗ ಮಲಗಿರುವ ಶಾಲಾ ಶಿಕ್ಷಕಿಯ ಯಂತ್ರದ ಪಕ್ಕದಲ್ಲಿ ನನ್ನ ಹೆಬ್ಬೆರಳು ಇರುತ್ತದೆ, ಹನ್ನೆರಡು ಎಂದು ಕೂಗಲು ದೊಡ್ಡಕ್ಕ ಇರುವುದಿಲ್ಲ. ಎರಡಕ್ಕೂ ನನ್ನ ಜೀವ ಬಾಯಿಗೆ ಬರುತ್ತಿದೆ. ಎಂಟು ಗಂಟೆಯೊಳಗೆ ನಿಮ್ಮಿಂದ ಉತ್ತರ ಬೇಕು. ಇಂಥ ಪತ್ರಗಳು ನಿಮಗೆ ದಿನಕ್ಕೆಷ್ಟೋ ಬರುತ್ತವೆ, ಹತ್ತರಲ್ಲಿ ಒಂಬತ್ತು ಸುಳ್ಳೇ ಇರಬಹುದು. ನಿಮ್ಮ ಕೈ ಗುಂಡಿಯ ಕಡೆಗೆ ಹೋಗುವ ಮೊದಲು ದಯವಿಟ್ಟು ಒಮ್ಮೆ ತಿರುಗಿ ಮುಖ ನೋಡಿ.

ಇಂತಿ,
ನಿಮ್ಮ ನೂರಕ್ಕೆ ನೂರರಲ್ಲಿ
ನಾಳೆ ಬೆಳಿಗ್ಗೆ ಎಂಟಕ್ಕೆ ಕಡಿಮೆಯಾಗಲಿರುವ ಒಬ್ಬಳು