ಒಬ್ಬಳೇ ಹುಡುಗಿಯ ಶಾಲೆ

ಮಾವಿನಕೊಳ್ಳ,
ಪುಣಜನೂರು ದಾರಿ
೨೦ ಜುಲೈ ೨೦೨೫, ಭಾನುವಾರ

ನನ್ನ ನಾಗೂ,

ನಾಳೆ ನಿನ್ನ ಶಾಲೆಗೆ ಸೇರಲು ಬರುವ ನಯನಾಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಸಮಾಧಾನ ಮಾಡಿಬಿಡುತ್ತೀಯ.

ನಮ್ಮ ಎರಡು ಸರ್ಕಾರಿ ಶಾಲೆಗಳನ್ನು ಹೋಲಿಸಿ, ಯಾವುದು ಉಳಿಯಬೇಕೆಂದು ಬರೆದುಕೊಡಲು ಮೇಲಿನವರು ನನಗೇ ಹೇಳಿದ್ದರು. ನನ್ನಲ್ಲಿ ಸೋರದ ಸೂರಿದೆ, ಹೊಸ ಶೌಚಾಲಯವಿದೆ, ಕಪಾಟು ತುಂಬ ಪುಸ್ತಕವಿದೆ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿಗೆ ಒಬ್ಬಳು ಟೀಚರ್. ಕಾಗದದ ಮೇಲೆ ನಾವೇ ಮುಂದು. ಹಾಗೆಂದೇ ಬರೆಯಲು ಕೂತಿದ್ದೆ.

ಮಂಗಳವಾರ ನಿನ್ನ ಶಾಲೆ ನೋಡಲು ಬಂದಾಗ ನಯನಾಳನ್ನೂ ಕರೆತಂದೆನಲ್ಲ. ಬೀಗ ಹಾಕಿ ಬಂದರೆ ಅವಳನ್ನು ಬಿಡುವುದಾದರೂ ಎಲ್ಲಿ? ನೀನು ಒಡೆದ ನಲ್ಲಿ, ತೇವದ ಗೋಡೆ ತೋರಿಸಿ ನಾಚಿಕೊಂಡೆ. ನಾನು ನೋಡುತ್ತಿದ್ದುದು ಅಂಗಳವನ್ನು. ಇಲ್ಲಿ ಆ ಮಗು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಾಳೆ. ತನ್ನ ಆಟ ಮುಗಿಸಿ, ಇನ್ನೊಬ್ಬಳ ಆಟವನ್ನೂ ತಾನೇ ಆಡುತ್ತಾಳೆ. ನಾನು ಕಿಟಕಿಯಲ್ಲಿ ಕೂತು ಮಾರ್ಕು ಹಾಕುತ್ತೇನೆ. ಅಲ್ಲಿ ನಲವತ್ತೇಳು ಮಕ್ಕಳ ನಡುವೆ ಎಲ್ಲಿದ್ದಾಳೋ ಕಾಣಲೇ ಇಲ್ಲ. ಬಿಸಿಯೂಟಕ್ಕೆ ಎರಡು ಸಲ ಬಡಿಸಿಕೊಂಡಳು.

ವಾಪಸು ಬರುವಾಗ ಬಸ್ಸಿಳಿದು ನಡೆಯುತ್ತ ನಯನಾ ಹೇಳಿದಳು: "ಮಿಸ್ಸು, ಅಲ್ಲಿ ನಾ ಓಡುದ್ರೆ ಹಿಡಿಯಕೆ ಯಾರಾದ್ರೂ ಬತ್ತಾರೆ ಕಣಿ."

ಮರುದಿನ ನಿನ್ನ ಶಾಲೆ ಉಳಿಯಲಿ, ನನ್ನದನ್ನು ಅದಕ್ಕೆ ಸೇರಿಸಲಿ ಎಂದು ಬರೆದು ಸಹಿ ಮಾಡಿದೆ.

ಊರಿನವರು ಮುಖ ತಿರುಗಿಸಿದ್ದಾರೆ. ಶಾಲೆಯ ಸಮಿತಿಯ ರಘುನಾಥ, ತನ್ನ ಅಪ್ಪ ಕೊಟ್ಟ ಜಾಗ ಅದು, ಹೊರಗಿನವಳು ಬಂದು ಮುಚ್ಚಿಸಿದಳು ಎಂದನಂತೆ. ಅವನ ಇಬ್ಬರು ಮಕ್ಕಳು ಹೋದ ವರ್ಷದಿಂದ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಾರೆ, ಅದನ್ನು ನಾನು ಕೇಳಲಿಲ್ಲ. ನಯನಾಳ ಅಜ್ಜಿ ಮೂಗಮ್ಮ ಮಾತ್ರ ಬಂದು ಜಗುಲಿಯಲ್ಲಿ ಕೂತಳು. "ನೀವ್ ಒಬ್ರೇ ಏನ್ ಮಾಡೀರಿ ಇಲ್ಲಿ?" ಅಂದಳು. ನನ್ನನ್ನು ಗುಂಡ್ಲುಪೇಟೆ ಕಡೆ ಹಾಕುತ್ತಾರಂತೆ. ಆದೇಶ ಬರುವ ತನಕ ದಿನಾ ಬೀಗ ತೆಗೆದು ಕೂರಬೇಕು.

ನಯನಾಗೆ ಏಳರ ಮಗ್ಗಿ ತಪ್ಪುತ್ತದೆ. ಬೈಯಬೇಡ. ಕಿಟಕಿಯ ಹತ್ತಿರ ಕೂರಿಸಬೇಡ, ನಾಲ್ಕು ಜನರ ಮಧ್ಯೆ ಕೂರಿಸು.

ನಿನ್ನ ಹಾಸ್ಟೆಲ್ ರೂಮಿನ ಗೆಳತಿ,
ಶಿವಲಕ್ಷ್ಮಿ

ಮರೆತೆನೆಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಹೋದ ವರ್ಷ ಜೂನಿನಲ್ಲೇ ಮೂಗಮ್ಮ ಮೊಮ್ಮಗಳನ್ನು ನಿನ್ನ ಶಾಲೆಗೆ ಸೇರಿಸಲು ಟಿ.ಸಿ. ಕೇಳಲು ಬಂದಿದ್ದಳು. ದಾರಿಯಲ್ಲಿ ಒಂಟಿ ಸಲಗ ಓಡಾಡುತ್ತಿದೆ, ಈ ವರ್ಷ ಬೇಡ ಎಂದು ವಾಪಸು ಕಳಿಸಿದೆ. ಆ ಸಲಗವನ್ನು ಯಾರೂ ನೋಡಿರಲಿಲ್ಲ ನಾಗೂ. ನಯನಾಳೂ ಹೋದರೆ ಆ ಕೋಣೆಯಲ್ಲಿ ನಾನೊಬ್ಬಳೇ ಕೂರಬೇಕಿತ್ತು. ನಾಳೆ ಮೂಗಮ್ಮ ಜೊತೆಗೆ ಬರುತ್ತಾಳೆ. ನೀನು ಹೇಳಬೇಡ, ನಾನೇ ಹೇಳಬೇಕು.