ಬೆರಾತಿನ ಕಿಟಕಿಗಳು

ಬೆರಾತ್, ಅಲ್ಬೇನಿಯಾ
ಏಪ್ರಿಲ್ ಮೂವತ್ತೊಂದು, 2206

ವನಜಾಕ್ಷಿ ಅಜ್ಜಿಗೆ ನಮಸ್ಕಾರ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈ ಊರಿನ ಮಂಗಲೆಂ ಕೇರಿಯಲ್ಲಿ ನಿಜವಾಗಿ ಎಷ್ಟು ಕಿಟಕಿಗಳಿವೆ ಎಂಬುದನ್ನು ನಾನು ಎರಡು ವರ್ಷ ಬಚ್ಚಿಟ್ಟಿದ್ದೆ. ಸುಳ್ಳು ಹೇಳಲು ಬಾರದವಳೆಂದು ಮನೆಯಲ್ಲಿ ಬೈಸಿಕೊಂಡವಳು ನಾನು. ಅದಕ್ಕೇ ಯಾರಾದರೂ ಕೇಳಿದರೆ ಕೆಮ್ಮಿ, ಹೊಳೆಯ ಕಡೆ ನೋಡುತ್ತಿದ್ದೆ.

ನಾನು ಹೊನ್ನಿ, ನಿಮ್ಮ ಏಳನೇ ತಲೆಮಾರು. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಬೇರೆ ಕಾರಣವಿಲ್ಲ. ಹೀಗಾಗಿ ನನ್ನ ಬರವಣಿಗೆ ಒರಟು, ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರ. ಎರಡನ್ನೂ ಕ್ಷಮಿಸಿ. ಮೇಲಿನ ತಾರೀಖೂ ತಪ್ಪಲ್ಲ. ಯಾವ ಕೆಲಸಕ್ಕೂ ಸೇರದ ದಿನವೊಂದು ವರ್ಷದಲ್ಲಿರಲಿ ಎಂದು ನಮ್ಮವರು ಏಪ್ರಿಲ್ಲಿಗೆ ಒಂದು ದಿನ ಕೂಡಿಸಿದ್ದಾರೆ. ಈ ಕಾಗದ ನಿಮಗೆ ತಲುಪುವ ದಾರಿಯನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ.

ದಾವಣಗೆರೆಯ ಮನೆಯ ತಗಡಿನ ಡಬ್ಬದಲ್ಲಿ ನೀವು ಇಲ್ಲಿಂದ ಕಳಿಸಿದ ಕಾರ್ಡು ಇದೆ. ‘ಊರು ಚೆನ್ನಾಗಿದೆ. ಮಾಡಲಿಕ್ಕೆ ಏನೂ ಇಲ್ಲ. ಒಂದು ದಿನ ಮೊದಲೇ ಹೊರಟೆವು.’ ಮಾಡಲಿಕ್ಕೆ ಏನೂ ಇಲ್ಲದ ಊರು ಹೇಗಿರುತ್ತದೋ ನೋಡೋಣ ಎಂದೇ ಮೂರು ವರ್ಷದ ಹಿಂದೆ ಬಂದೆ.

ಇಲ್ಲಿ ನಾನು ಜೊತೆನಡೆ. ಅಂದರೆ ಬಂದವರ ಪಕ್ಕದಲ್ಲಿ ನಡೆಯುವವಳು. ವಿವರಿಸುವುದು ನನ್ನ ಕೆಲಸವಲ್ಲ. ಬೆಳಿಗ್ಗೆ ಅವರನ್ನು ಕೋಟೆಗೆ ಹತ್ತಿಸುತ್ತೇನೆ. ಸಾವಿರಾರು ಕಾಲುಗಳು ಸವೆಸಿದ ಕಲ್ಲುಗಳು, ಬೆಣ್ಣೆ ಸವರಿದ ಹಾಗೆ ಜಾರುತ್ತವೆ. ಕೋಟೆಯೊಳಗೆ ಇವತ್ತಿಗೂ ಸಂಸಾರಗಳಿವೆ. ಬುರುಜಿನಿಂದ ಬುರುಜಿಗೆ ಕಟ್ಟಿದ ಹಗ್ಗದಲ್ಲಿ ಲಂಗ, ಚಾದರ ಒಣಗುತ್ತಿರುತ್ತವೆ. ಮಧ್ಯಾಹ್ನ ನೆರಳುಹೊತ್ತು. ಎರಡರಿಂದ ಐದರವರೆಗೆ ಊರೆಲ್ಲ ಬಾಗಿಲು ಹಾಕಿ ಮಲಗಬೇಕೆಂಬ ಕಟ್ಟಳೆ ಅದು, ನಿಮ್ಮ ಕಾಲದಲ್ಲಿ ಬರೀ ಅಭ್ಯಾಸವಾಗಿತ್ತಂತೆ. ಸಂಜೆ ಜಿರೊ: ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಒಂದೇ ಬೀದಿಯಲ್ಲಿ ಆ ತುದಿಗೆ ಹೋಗುವುದು, ಈ ತುದಿಗೆ ಬರುವುದು. ಎಲ್ಲಿಗೂ ಹೋಗದೆ ಇಷ್ಟು ನಡೆಯಬಹುದೆಂದು ಗೊತ್ತಿದ್ದರೆ ನಾನು ಶಾಲೆಯಲ್ಲೂ ಉಳಿಯುತ್ತಿದ್ದೆನೇನೋ.

ಕೊನೆಗೆ ಸೇತುವೆ ದಾಟಿ ಗೋರಿಟ್ಸಾ ಕೇರಿಯ ಬೆಂಚಿನಲ್ಲಿ ಕೂತು ಎದುರಿನ ಮಂಗಲೆಮಿನ ಕಿಟಕಿಗಳನ್ನು ಎಣಿಸುವುದು. ಗುಡ್ಡದ ಮೇಲೆ ಮನೆಯ ತಲೆಗೆ ಮನೆ ಏರಿದೆ, ಎಲ್ಲ ಕಿಟಕಿಗಳೂ ಹೊಳೆಗೇ ಮುಖ ಮಾಡಿವೆ. ಇದು ಸಾವಿರ ಕಿಟಕಿಗಳ ಊರೆಂದು ಹೆಸರು. ಆ ಗುಡ್ಡದಲ್ಲೇ ನಾನು ಬಾಡಿಗೆಗಿರುವ ಮನೆಯ ಮುದುಕಿ ಮೆರೂಷೆ ಸರಿಯಾದ ಲೆಕ್ಕ ಹೇಳಿದವರಿಗೆ ಅಂಜೂರದ ಗ್ಲಿಕೊ ಒಂದು ಚಮಚ ಕೊಡುತ್ತೇನೆನ್ನುತ್ತಾಳೆ. ಗ್ಲಿಕೊ ಎಂದರೆ ಸಕ್ಕರೆ ಪಾಕದಲ್ಲಿ ಇಡಿಯಾಗಿ ಬೇಯಿಸಿದ ಹಣ್ಣು. ಎಲ್ಲರೂ ಸಾವಿರ ಎನ್ನುತ್ತಾರೆ, ಅವಳು ಭರಣಿಯ ಮುಚ್ಚಳ ಇನ್ನಷ್ಟು ಬಿಗಿ ಮಾಡುತ್ತಾಳೆ.

ನನಗೆ ನೆರಳುಹೊತ್ತಿನಲ್ಲಿ ನಿದ್ದೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಹದಿನೈದು ದಿನ ಕದ್ದು ಹೊರಬಿದ್ದು, ಆ ಬೆಂಚಿನಲ್ಲಿ ಕೂತು ಮನೆ ಮನೆ ಗುರುತು ಹಾಕಿಕೊಂಡು ಎಣಿಸಿದೆ. ಏಳುನೂರ ನಲವತ್ತಮೂರು. ಹೇಳಿದರೆ ಆಟ ಮುಗಿದುಹೋಗುತ್ತದೆಂದು ಸುಮ್ಮನಾದೆ.

ಜೊತೆನಡೆಗೆ ಪರವಾನಗಿ ಮೂರೇ ವರ್ಷ. ಮುಂದೆಯೂ ಇರಬೇಕಾದರೆ ಊರಿನ ಐದು ಜನ ಹಿರಿಯರೆದುರು ನಿಂತು ಉತ್ತರ ಹೇಳಬೇಕು. ನನಗೆ ಇರಬೇಕೆಂಬ ಆಸೆ ಬಹಳ ಇತ್ತು ಅಜ್ಜಿ. ನಿನ್ನೆ ಎಲ್ಲ ಸರಿಯಾಗಿಯೇ ನಡೆಯಿತು. ಕಡೆಯ ಪ್ರಶ್ನೆ, ಮಂಗಲೆಮಿನಲ್ಲಿ ಕಿಟಕಿಗಳೆಷ್ಟು? ಈ ಸಲ ಕೆಮ್ಮಲಾಗಲಿಲ್ಲ. ಏಳುನೂರ ನಲವತ್ತಮೂರು ಅಂದೆ. ಯಜಮಾನ ಸ್ಕೆಂದೆರ್ ಕನ್ನಡಕ ತೆಗೆದು, ‘ಲೆಕ್ಕ ಬರದೆ ಶಾಲೆ ಬಿಟ್ಟೆಯೋ, ಶಾಲೆ ಬಿಟ್ಟು ಲೆಕ್ಕ ಮರೆತೆಯೋ?’ ಎಂದ. ಉಳಿದ ನಾಲ್ವರು ನಕ್ಕರು. ‘ಸಾವಿರ ಅಂದುಬಿಡಮ್ಮ, ಮೊಹರು ಒತ್ತುತ್ತೇವೆ’ ಎಂದು ಅವನೇ ಮತ್ತೆ ಮೆತ್ತಗೆ ಹೇಳಿದ. ಒಳ್ಳೆಯ ಮನುಷ್ಯ. ನನ್ನ ಬಾಯಿಂದ ಬರಲಿಲ್ಲ, ಮೊಹರೂ ಬೀಳಲಿಲ್ಲ.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಮೇಜಿನ ಮೇಲೆ ತಣ್ಣೀರು, ಸಣ್ಣ ತಟ್ಟೆ, ಅದರಲ್ಲಿ ಅರ್ಧ ಅಂಜೂರ. ಯಾಕೆ ಅರ್ಧ ಎಂದು ಕೇಳಿದೆ.

‘ಒಂದು ಕಡಿಮೆ ಎಣಿಸಿದ್ದೀಯ’ ಎಂದಳು ಮೆರೂಷೆ. ‘ಹದಿನಾರು ವರ್ಷದವಳಿದ್ದಾಗ ನಾನೂ ಎಣಿಸಿದ್ದೆ. ಏಳುನೂರ ನಲವತ್ತನಾಲ್ಕು. ಯಾರಿಗೂ ಹೇಳಲಿಲ್ಲ, ನಿನ್ನಷ್ಟು ಮೊಂಡಿ ನಾನಲ್ಲ.’

ನನ್ನ ಚೀಟಿ ತಂದು ಅವಳ ನೆನಪಿನ ಲೆಕ್ಕದ ಜೊತೆ ಇಬ್ಬರೂ ಮನೆ ಮನೆ ಹೋಲಿಸಿದೆವು. ತಪ್ಪು ಸಿಕ್ಕಿತು. ನಮ್ಮ ಮನೆಯದು ಗೊತ್ತಿದ್ದದ್ದೇ ಎಂದು, ತಲೆಯೆತ್ತಿ ನೋಡದೆ ಆರು ಎಂದು ಬರೆದುಬಿಟ್ಟಿದ್ದೆ. ಬಿಟ್ಟುಹೋದದ್ದು ನನ್ನ ಕೋಣೆಯ ಕಿಟಕಿ. ಮೂರು ವರ್ಷ ಅದರಿಂದ ಹೊರಗೆ ನೋಡಿದ್ದೆ, ಹೊರಗಿನಿಂದ ಅದನ್ನು ನೋಡಿರಲಿಲ್ಲ. ಮೆರೂಷೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ನಾನೂ ನಕ್ಕೆ. ಆ ಅರ್ಧ ಅಂಜೂರದಂಥದ್ದನ್ನು ನಾನು ಇನ್ನೆಲ್ಲೂ ತಿಂದಿಲ್ಲ.

ಅಜ್ಜಿ, ಒಂದು ಕೋರಿಕೆ. ನೀವಿನ್ನೂ ಆ ಕಾರ್ಡು ಬರೆದಿರದಿದ್ದರೆ ಪೆಟ್ಟಿಗೆ ಕಟ್ಟಬೇಡಿ. ಆ ಉಳಿದ ಒಂದು ಸಂಜೆ ಸೇತುವೆ ದಾಟಿ ಬೆಂಚಿನಲ್ಲಿ ಕೂತು ಎಣಿಸಿ. ಎಷ್ಟು ಬಂದರೂ ಪರವಾಗಿಲ್ಲ. ಮಸೀದಿಯ ಎಡಕ್ಕೆ, ಮೇಲಿನಿಂದ ಮೂರನೇ ಸಾಲಿನಲ್ಲಿ, ನೀಲಿ ಬಾಗಿಲಿನ ಸಣ್ಣ ಕಿಟಕಿಯೊಂದಿದೆ. ಅದನ್ನು ಬಿಡಬೇಡಿ.

ಇವತ್ತು ಸಂಜೆ ನಾನೊಬ್ಬಳೇ ಹೋಗಿ ಅದನ್ನು ನೋಡಿಬಂದೆ. ಮೆರೂಷೆ ಒಳಗೆ ನಿಂತು ನನ್ನ ಚಾದರ ಕೊಡವುತ್ತಿದ್ದಳು.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಹೊರಡುತ್ತೇನೆ.

ಹೊನ್ನಿ