ಲಸಿಕೆ ನನ್ನ ಮೈಗೆ ಹಿಡಿಯಿತು, ಅತ್ತೆಮ್ಮ

ಯಶವಂತನಗರ
೧೯ ಜನವರಿ ೨೦೨೫

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಭವ್ಯ ಕಾಲು ಮುಟ್ಟಿ ಬರೆಯುವುದು. ಫೋನು ಮಾಡಿದರೆ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೀರಿ. ನನ್ನ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಎಮ್ಮಿಗನೂರಿನಲ್ಲಿ ಭತ್ತದ ನಾಟಿ ಮುಗಿಸಿ ಬಂದು, ಕಾಲು ಚಾಚಿ ಕುಳಿತು ನಿಧಾನವಾಗಿ ಓದಿಕೊಳ್ಳಿ.

ಫ್ಲೂ ಲಸಿಕೆ ನನ್ನ ಮೈಗೆ ಹಿಡಿದಿದೆ. ಲಸಿಕೆಯ ಅಧ್ಯಯನಕ್ಕೆ ಸೇರಿದ ಎಲ್ಲರ ರಕ್ತಪರೀಕ್ಷೆ ಮುಗಿಯಲಿ ಎಂದು ಕಾದಿದ್ದ ನಾಗಭೂಷಣ ಡಾಕ್ಟರು ನಿನ್ನೆ ಹೊಸಪೇಟೆಗೆ ಕರೆಸಿ ಹೇಳಿದರು. ಚುಚ್ಚುವ ಮೊದಲು ತೆಗೆದ ರಕ್ತದಲ್ಲಿ ಫ್ಲೂ ಜ್ವರವನ್ನು ಎದುರಿಸುವ ಶಕ್ತಿ ತೀರಾ ಕಡಿಮೆ ಇತ್ತಂತೆ. ತಿಂಗಳ ನಂತರದ ರಕ್ತದಲ್ಲಿ ಚೆನ್ನಾಗಿ ಏರಿದೆ. "ದಮ್ಮಿದ್ದು ದಿನಾ ಸ್ಟಿರಾಯ್ಡ್ ಪಫ್ ಎಳಕೊಳ್ಳೋರ ಮೈ ಲಸಿಕಿ ಮಾತು ಕೇಳತೈತೋ ಇಲ್ಲೋ ನೋಡಬೇಕಿತ್ತರಿ. ನಿಮ್ಮ ಮೈ ಕೇಳೈತಿ," ಎಂದು ನಕ್ಕರು. ವರ್ಷವರ್ಷವೂ ಹಾಕಿಸಬೇಕು, ಪಫ್ ಬಿಡಬಾರದು ಎಂದೂ ಎಚ್ಚರಿಸಿದರು.

ಲಸಿಕೆ ಹಾಕಿಸುವ ಮೊದಲಿನ ಚಳಿಗಾಲವನ್ನು ನಾನು ಮರೆಯುವುದಿಲ್ಲ. ನಾನು ಪಾಠ ಹೇಳುವ ಒಂದನೇ ತರಗತಿಯ ಮಕ್ಕಳಿಂದ ಅಂಟಿದ ಜ್ವರ ದಮ್ಮಿಗೆ ತಿರುಗಿತ್ತು. ಕಂಪನಿ ಬಸ್ಸು ಓಡಿಸುತ್ತಿದ್ದ ನಿಮ್ಮ ಮಗ ಪಂಪೇಶ್ ಕೆಲಸ ಅರ್ಧಕ್ಕೆ ಬಿಟ್ಟು ಬಂದು ನನ್ನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದರು. ಮನೆಗೆ ಬಂದ ಮೇಲೆ, "ಶಾಲಿ ಬಿಟ್ಟುಬಿಡು. ಮತ್ತ ನಿನ್ನ ಹಂಗ ನೋಡಾಕ ನನ್ನ ಕೈಲೆ ಆಗಂಗಿಲ್ಲ," ಎಂದು ಅತ್ತರು. ನಾನು ಒಪ್ಪಿಯೂ ಬಿಟ್ಟಿದ್ದೆ. ಕಬ್ಬು ಕಡಿಯುವವರ ಮಗಳು ಟೀಚರ್ ಆಗಲು ಪಟ್ಟ ಪಾಡು ನಿಮಗೆ ಗೊತ್ತಿತ್ತು. ಊರಿಂದ ಗಂಟು ಕಟ್ಟಿಕೊಂಡು ಬಂದು ನಮ್ಮಲ್ಲೇ ಉಳಿದಿರಿ. "ಕೆಲಸ ಬಿಡೋದು ಬ್ಯಾಡ. ಡಾಕ್ಟರು ಹೇಳಿದ ಲಸಿಕಿ ಮೊದ್ಲು ಹಾಕಿಸಿ ನೋಡೋಣು," ಎಂದಿರಿ. ಮಗನ ಎದುರು ನೀವು ಹಾಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಮ್ಮಿದ್ದವರಿಗೆ ಆ ಸೂಜಿ ಹಾಕಿದರೆ ದಮ್ಮು ಏರುತ್ತದೆ ಎಂದು ಓಣಿಯವರು ಹೆದರಿಸಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಹೊರಬಾಗಿಲ ಕಡೆಗೇ ನೋಡುತ್ತಿದ್ದೆ. ನೀವು ಬೆನ್ನ ಮೇಲೆ ಅಂಗೈ ಇಟ್ಟು, "ಅಂಜಬ್ಯಾಡವ್ವ, ನಾ ಇಲ್ಲೇ ಕುಂತೀನಿ," ಎಂದಿರಿ. ತೋಳು ಸ್ವಲ್ಪ ನೋಯಿತು, ಅಷ್ಟೇ.

ಇನ್ನೊಂದು ವಿಷಯ, ಬೈಯಬೇಡಿ. ನೀವು ಊರಿಗೆ ಮರಳಿದ ಮೇಲೆ, ಡಿಸೆಂಬರಿನಲ್ಲಿ ನನ್ನ ತರಗತಿ ಅರ್ಧ ಖಾಲಿಯಾಯಿತು. ನಿಮ್ಮ ಮಗನೂ ಜ್ವರದಿಂದ ಮಲಗಿದರು. ಅವರಿಗೆ ಗಂಜಿ ಕಾಯಿಸುತ್ತಿದ್ದ ಸಂಜೆ ನನ್ನ ಮೈಯೂ ಬಿಸಿಯಾಗಿ, ಎದೆಯಲ್ಲಿ ಸಿಳ್ಳೆ ಶುರುವಾಯಿತು. ಬಸ್ಸು ಹತ್ತಿ ಬಂದುಬಿಡುತ್ತೀರೆಂದು ನಿಮಗೆ ಹೇಳಲಿಲ್ಲ. ಭಯವಾಗಿತ್ತು. ಆದರೆ ಪಫ್ ಎಳೆದುಕೊಂಡಾಗ ಇಳಿಯಿತು, ಅತ್ತೆಮ್ಮ! ವಾರದೊಳಗೆ ಶಾಲೆಯಲ್ಲಿದ್ದೆ. ನಿಮ್ಮ ಮಗ ಗೇಟಿನವರೆಗೂ ಬಂದು ಬಿಟ್ಟುಹೋದರು. ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಿಲ್ಲ.

ಅದಿರಿನ ಲಾರಿಗಳ ಕೆಂಪು ಧೂಳಿಗೆ ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಉಸಿರು ಸರಾಗವಾಗಿದೆ. ನಿಮಗೆ ಏನು ಕೊಟ್ಟರೂ ಕಡಿಮೆಯೇ.

ನಿಮ್ಮ ಮಗಳೇ ಆದ
ಭವ್ಯ

ತಾ.ಕ.: ಹೋಲಿಸಿ ನೋಡಲು ದಮ್ಮಿಲ್ಲದವರ ರಕ್ತವೂ ಬೇಕು, ಯಾರೂ ಮುಂದೆ ಬರುತ್ತಿಲ್ಲ ಎಂದು ನನಗೆ ಲಸಿಕೆ ಹಾಕಿದ ದಿನ ಡಾಕ್ಟರು ಪೇಚಾಡಿದ್ದರು. ಆ ವಾರವೇ ನೀವು ಕಂಪ್ಲಿಗೆ, ತಂಗಿಯ ಮನೆಗೆಂದು ಹೊರಟಿರಿ. ಪಫ್ ತರಲು ನಾನೂ ಅಂದು ಹೊಸಪೇಟೆಯ ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಕಂಡರೆ ನಡುಗುವ ನೀವು, ಡಾಕ್ಟರಿಗೆ ರಕ್ತ ಕೊಡುವವರ ಸಾಲಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ತೋಳು ಚಾಚಿ ಕುಳಿತಿದ್ದಿರಿ. ನಾನು ಕರೆಯಲಿಲ್ಲ. ಕಂಬದ ಹಿಂದೆ ನಿಂತು ಅತ್ತು, ಮುಂದಿನ ಬಸ್ಸಿಗೆ ಬಂದುಬಿಟ್ಟೆ. ಸಂಜೆ ನೀವು ಬಂದು, "ತಂಗಿ ಚಲೋ ಅದಾಳ," ಎಂದಿರಿ. ಕೇಳಿ ಭಾಳ ಸಂತೋಷವಾಯಿತು ಎಂದೆ.